ಥಾಮಸ್ ಕಿಡ್

ಥಾಮಸ್ ಕಿಡ್ (1558–1594) ಎಲಿಜಬೆತ್ ರಾಣಿಯ ಕಾಲದ ಇಂಗ್ಲಿಷ್ ನಾಟಕಕಾರ. ಕೊಲೆಯಾದ ಮಗನಿಗಾಗಿ ತಂದೆಯೊಬ್ಬ ಸೇಡು ತೀರಿಸಿಕೊಳ್ಳುವ ಕಥೆಯುಳ್ಳ 'ದಿ ಸ್ಪ್ಯಾನಿಷ್ ಟ್ರ್ಯಾಜೆಡಿ' ಈತನ ಪ್ರಮುಖ ಕೃತಿ. ಇಂಗ್ಲಿಷ್ ರಂಗಭೂಮಿಯಲ್ಲಿ ಸೇಡಿನ ದುರಂತನಾಟಕಗಳ ಪರಂಪರೆ ಬೇರೂರಿದ್ದು ಈ ಕೃತಿಯಿಂದ.

ಆರಂಭಿಕ ಜೀವನ

ಕಿಡ್‌ನಿಗೆ 1558ರ ನವೆಂಬರ್ 6ರಂದು ಲಂಡನ್ನಿನ ಸೇಂಟ್ ಮೇರಿ ವೂಲ್ನಾತ್ ಚರ್ಚಿನಲ್ಲಿ ದೀಕ್ಷಾಸ್ನಾನವಾಯಿತು. ತಂದೆ ಫ್ರಾನ್ಸಿಸ್ ಕಿಡ್ ದಸ್ತಾವೇಜು ಬರಹಗಾರ. 1565ರಲ್ಲಿ ಬಾಲಕನನ್ನು ಮರ್ಚೆಂಟ್ ಟೇಲರ್ಸ್ ಶಾಲೆಗೆ ಸೇರಿಸಲಾಯಿತು. ರಿಚರ್ಡ್ ಮಲ್ಕಾಸ್ಟರ್ ಅಲ್ಲಿನ ಮುಖ್ಯೋಪಾಧ್ಯಾಯ. ಕವಿ ಎಡ್ಮಂಡ್ ಸ್ಪೆನ್ಸರ್ ಕೂಡ ಅದೇ ಶಾಲೆಯ ವಿದ್ಯಾರ್ಥಿ. ಕಿಡ್ ವಿಶ್ವವಿದ್ಯಾಲಯದಲ್ಲಿ ಓದಿದ್ದಕ್ಕೆ ದಾಖಲೆಯಿಲ್ಲ.

ದಿ ಸ್ಪ್ಯಾನಿಷ್ ಟ್ರ್ಯಾಜೆಡಿ

ಈ ನಾಟಕ 1580ರ ದಶಕದಲ್ಲಿ ಅಥವಾ 1590ರ ದಶಕದ ಆರಂಭದಲ್ಲಿ ರಚಿತವಾಯಿತು. ನಾಯಕ ಹೈರಾನಿಮೊ ಸ್ಪೇನಿನ ಆಸ್ಥಾನದ ನ್ಯಾಯಾಧಿಕಾರಿ. ಅವನ ಮಗ ಹೊರೇಷಿಯೊ, ರಾಜನ ಸೋದರನ ಮಗಳಾದ ಬೆಲ್-ಇಂಪೀರಿಯಾಳನ್ನು ಪ್ರೀತಿಸುತ್ತಾನೆ. ಅವಳ ಅಣ್ಣ ಲೊರೆಂಜೊ ಮತ್ತು ಪೋರ್ಚುಗಲ್ಲಿನ ರಾಜಕುಮಾರ ಬಾಲ್ತಜಾರ್ ಸೇರಿ ಹೊರೇಷಿಯೊನನ್ನು ರಾತ್ರಿ ಉದ್ಯಾನದ ಲತಾಮಂಟಪದಲ್ಲಿ ನೇಣು ಹಾಕಿ ಇರಿದು ಕೊಲ್ಲುತ್ತಾರೆ. ಕೂಗು ಕೇಳಿ ಹಾಸಿಗೆಯಿಂದೆದ್ದು ಬಂದ ತಂದೆಗೆ ಕಾಣುವುದು ತೂಗಾಡುವ ಶವ. ಮಗನ ರಕ್ತದಲ್ಲಿ ಅದ್ದಿದ ಕರವಸ್ತ್ರವನ್ನು ಹೈರಾನಿಮೊ ಕಡೆಯವರೆಗೂ ತನ್ನ ಬಳಿ ಇಟ್ಟುಕೊಳ್ಳುತ್ತಾನೆ.

ಪರರಿಗೆ ನ್ಯಾಯ ಹೇಳುವುದೇ ವೃತ್ತಿಯಾದವನಿಗೆ ತನ್ನ ಮಗನ ವಿಷಯದಲ್ಲಿ ನ್ಯಾಯ ಸಿಗದಿರುವುದು ನಾಟಕದ ತಿರುಳು. ರಾಜನ ಬಳಿ ಮೊರೆಯಿಡಲು ಹೋದಾಗ ಲೊರೆಂಜೊ ಅಡ್ಡಬರುತ್ತಾನೆ. ಮಗನನ್ನು ಕಳೆದುಕೊಂಡ ಇನ್ನೊಬ್ಬ ಮುದುಕ ಅರ್ಜಿ ಹಿಡಿದು ಬರುವ ದೃಶ್ಯವು ರಕ್ತಪಾತದ ದೃಶ್ಯಗಳಿಗಿಂತ ಹೆಚ್ಚು ಕಲಕುವಂಥದ್ದು. ದುಃಖ ತಾಳಲಾರದೆ ಹೈರಾನಿಮೊನ ಪತ್ನಿ ಇಸಬೆಲ್ಲಾ ಹುಚ್ಚು ಹಿಡಿದು ಪ್ರಾಣ ಬಿಡುತ್ತಾಳೆ. ಕೊನೆಗೆ ಅವನು ರಾಜಸಭೆಯಲ್ಲಿ ಒಂದು ನಾಟಕವಾಡಿಸಿ, ಕೊಲೆಗಾರರಿಗೇ ಪಾತ್ರ ಕೊಟ್ಟು, ಅಭಿನಯದ ನೆಪದಲ್ಲಿ ನಿಜವಾಗಿಯೇ ಅವರ ಹತ್ಯೆ ಮಾಡಿಸುತ್ತಾನೆ. ಬಳಿಕ ತನ್ನ ನಾಲಗೆಯನ್ನು ತಾನೇ ಕಚ್ಚಿ ತುಂಡರಿಸಿಕೊಳ್ಳುತ್ತಾನೆ. ಲೇಖನಿ ಹೆರೆಯಲೆಂದು ಕೇಳಿ ಪಡೆದ ಚಾಕುವಿನಿಂದ ಲೊರೆಂಜೊನ ತಂದೆಯನ್ನು ಕೊಂದು ತಾನೂ ಸಾಯುತ್ತಾನೆ.

ಪ್ರೇತ, ಹುಚ್ಚು, ನಾಟಕದೊಳಗಿನ ನಾಟಕ, ವಿಳಂಬವಾಗುವ ಸೇಡು ಇವೆಲ್ಲ ಮುಂದೆ ಷೇಕ್ಸ್‌ಪಿಯರನ 'ಹ್ಯಾಮ್ಲೆಟ್'ನಲ್ಲಿಯೂ ಬರುತ್ತವೆ; ಅಲ್ಲಿ ಮಗ ತಂದೆಗಾಗಿ ಸೇಡು ತೀರಿಸಿಕೊಳ್ಳುತ್ತಾನೆ. ಅದಕ್ಕೂ ಮೊದಲಿದ್ದು ಈಗ ಕಳೆದುಹೋಗಿರುವ ಒಂದು ಹ್ಯಾಮ್ಲೆಟ್ ನಾಟಕ ಕಿಡ್‌ನದೇ ಇರಬೇಕೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಇದು ಇನ್ನೂ ಇತ್ಯರ್ಥವಾಗಿಲ್ಲ.

ಬಂಧನ ಮತ್ತು ಮರಣ

1593ರ ವಸಂತದಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ವಿದೇಶೀಯರ ವಿರುದ್ಧ ಬೆದರಿಕೆಯ ಬರಹಗಳು ಗೋಡೆಗಳ ಮೇಲೆ ಕಾಣಿಸಿಕೊಂಡವು. ಅವುಗಳ ಕರ್ತೃಗಳನ್ನು ಹುಡುಕುತ್ತಿದ್ದ ಅಧಿಕಾರಿಗಳು ಮೇ 12ರಂದು ಕಿಡ್‌ನನ್ನು ಬಂಧಿಸಿದರು. ಶೋಧನೆಯಲ್ಲಿ ಸಿಕ್ಕಿದ್ದು ಬೇರೆಯೇ: ಯೇಸುವಿನ ದೈವತ್ವವನ್ನು ನಿರಾಕರಿಸುವ ಕಾಗದಗಳು. ಅವು ನಾಟಕಕಾರ ಕ್ರಿಸ್ಟೋಫರ್ ಮಾರ್ಲೊನವು, ತಾವಿಬ್ಬರೂ ಒಂದೇ ಕೋಣೆಯಲ್ಲಿ ಬರೆಯುತ್ತಿದ್ದಾಗ ತನ್ನ ಕಾಗದಗಳೊಡನೆ ಬೆರೆತುಹೋಗಿದ್ದವು ಎಂದು ಕಿಡ್ ವಿವರಿಸಿದನು. ಅವನು ಚಿತ್ರಹಿಂಸೆಗೂ ಗುರಿಯಾದನು. ಮೇ 30ರಂದು ಮಾರ್ಲೊ ಡೆಪ್ಟ್‌ಫರ್ಡಿನಲ್ಲಿ ಇರಿತದಿಂದ ಸತ್ತನು.

ಬಿಡುಗಡೆಯಾದರೂ ಕಿಡ್‌ನಿಗೆ ಆಶ್ರಯದಾತನ ಕೃಪೆ ಮರಳಿ ದೊರೆಯಲಿಲ್ಲ. ತಾನು ನಾಸ್ತಿಕನಲ್ಲವೆಂದು ಅವನು ಉನ್ನತಾಧಿಕಾರಿ ಸರ್ ಜಾನ್ ಪಕರಿಂಗ್‌ಗೆ ಪತ್ರ ಬರೆದನು. ಈ ಪತ್ರವ್ಯವಹಾರ ಉಳಿದುಬಂದಿರುವುದರಿಂದಲೇ ಅವನ ಕೊನೆಯ ದಿನಗಳ ಚಿತ್ರ ದೊರೆಯುತ್ತದೆ. ಫ್ರೆಂಚ್ ಕವಿ ರಾಬೇರ್ ಗಾರ್ನಿಯೆಯ ನಾಟಕದಿಂದ ಅನುವಾದಿಸಿದ 'ಕಾರ್ನೀಲಿಯಾ'ವನ್ನು 1594ರಲ್ಲಿ ಪ್ರಕಟಿಸಿ, ಅದರ ಅರ್ಪಣೆಯಲ್ಲಿ ತನ್ನ ಸಂಕಷ್ಟವನ್ನು ತೋಡಿಕೊಂಡನು. ಅದೇ ವರ್ಷ ಆಗಸ್ಟ್ 15ರಂದು ಸೇಂಟ್ ಮೇರಿ ಕೋಲ್‌ಚರ್ಚಿನಲ್ಲಿ ಅವನ ಶವಸಂಸ್ಕಾರವಾಯಿತು. ಆಗ ಅವನ ವಯಸ್ಸು 35.

ಡಿಸೆಂಬರಿನಲ್ಲಿ ತಾಯಿಯು ತನ್ನ ಪತಿಯ ಹೆಸರಿನಲ್ಲಿ, ಮಗನ ಆಸ್ತಿಯ ನಿರ್ವಹಣೆ ತಮಗೆ ಬೇಡವೆಂದು ವಿಧಿವತ್ತಾಗಿ ತಿಳಿಸಿದಳು. ಸಾಲವೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗಿದೆ.

ಕರ್ತೃತ್ವ

ನಾಟಕದ ಮುದ್ರಿತ ಪ್ರತಿಗಳ ಮೇಲೆ ಕಿಡ್‌ನ ಹೆಸರಿರಲಿಲ್ಲ. 1602ರ ಆವೃತ್ತಿಯಲ್ಲಿ ಬೇರೊಬ್ಬರು ಬರೆದ ದೃಶ್ಯಗಳೂ ಸೇರಿಕೊಂಡವು. 1612ರಲ್ಲಿ ಥಾಮಸ್ ಹೇವುಡ್ ತನ್ನ ಗ್ರಂಥವೊಂದರಲ್ಲಿ ಪ್ರಾಸಂಗಿಕವಾಗಿ ಕಿಡ್‌ನನ್ನು ಹೆಸರಿಸಿದ್ದನು. ಆ ಉಲ್ಲೇಖವನ್ನು 1773ರಲ್ಲಿ ಥಾಮಸ್ ಹಾಕಿನ್ಸ್ ಗುರುತಿಸಿದ ಮೇಲೆ ನಾಟಕಕ್ಕೆ ಅದರ ಕರ್ತೃವಿನ ಹೆಸರು ಮರಳಿತು.