ನಗೆಯ ನಾಟಕಕಾರ ಫಿಲಿಪ್ ಬ್ಯಾರಿ

ಹಳೆಯ ಹಾಲಿವುಡ್ ಚಿತ್ರಗಳ ಪರಿಚಯವುಳ್ಳವರಿಗೆ 1940ರ ‘ದಿ ಫಿಲಡೆಲ್ಫಿಯಾ ಸ್ಟೋರಿ’ ಹೊಸ ಹೆಸರಲ್ಲ. ಕ್ಯಾಥರೀನ್ ಹೆಪ್‌ಬರ್ನ್, ಕ್ಯಾರಿ ಗ್ರಾಂಟ್, ಜೇಮ್ಸ್ ಸ್ಟುವರ್ಟ್ ಅಭಿನಯಿಸಿದ ಆ ನಗೆಚಿತ್ರದ ಮೂಲ ಒಂದು ರಂಗನಾಟಕ. ಅದನ್ನು ರಚಿಸಿದ ಫಿಲಿಪ್ ಬ್ಯಾರಿ ಐರಿಷ್ ಕಥೋಲಿಕ ಮನೆತನದವರೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿರಲಾರದು. ವಿವಾಹ ವಿಚ್ಛೇದನದಂಥ ವಸ್ತುವನ್ನು ಹಿಡಿದು ಜನರನ್ನು ನಗಿಸಿದ ಇವರ ಬಾಳು ಅಷ್ಟೇನೂ ಹಗುರವಾಗಿರಲಿಲ್ಲ.

ಬ್ಯಾರಿಯವರು ಜನಿಸಿದ್ದು 1896ರ ಜೂನ್ 18ರಂದು, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ. ತಂದೆ ಐರ್ಲೆಂಡಿನಿಂದ ವಲಸೆ ಬಂದು ಅಮೃತಶಿಲೆಯ ವ್ಯಾಪಾರದಿಂದ ಏಳಿಗೆ ಹೊಂದಿದವರು. ಮಗುವಿಗೆ ಒಂದು ವರ್ಷ ತುಂಬುವ ವೇಳೆಗೆ ಅವರು ತೀರಿಕೊಂಡರು. ಬ್ಯಾರಿಯವರಿಗೆ ಬಾಲ್ಯದಿಂದಲೂ ದೃಷ್ಟಿ ಮಂದ. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನೆ ಅದೇ ಕಾರಣಕ್ಕೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಲಂಡನ್ನಿನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡಿ ಹಿಂದಿರುಗಿದರು. ಯೇಲ್ ವಿದ್ಯಾಭ್ಯಾಸದ ಬಳಿಕ ಹಾರ್ವರ್ಡಿನಲ್ಲಿ ಪ್ರೊಫೆಸರ್ ಬೇಕರರ ಬಳಿ ನಾಟಕ ರಚನೆಯನ್ನು ಕಲಿತರು. 1922ರಲ್ಲಿ ಎಲೆನ್ ಸೆಂಪಲ್‌ರನ್ನು ವರಿಸಿದರು. ಮರುವರ್ಷವೇ ಬ್ರಾಡ್‌ವೇ ರಂಗಭೂಮಿಯಲ್ಲಿ ಮೊದಲ ಜಯ ದೊರೆಯಿತು.

ಆದರೆ ಅವರ ಮನಸ್ಸು ನಗೆನಾಟಕಗಳಿಗಷ್ಟೇ ತೃಪ್ತವಾಗಿರಲಿಲ್ಲ. 1927ರ ನವೆಂಬರಿನಲ್ಲಿ ಸ್ನಾನಿಕ ಯೊವಾನ್ನರ ಜೀವನವನ್ನು ಕುರಿತ ‘ಜಾನ್’ ಎಂಬ ನಾಟಕವನ್ನು ರಂಗಕ್ಕೆ ತಂದರು. ಅದು ಹನ್ನೊಂದೇ ಪ್ರದರ್ಶನಗಳಿಗೆ ನಿಂತುಹೋಯಿತು. ಮರುತಿಂಗಳು ಬಂದ ‘ಪ್ಯಾರಿಸ್ ಬೌಂಡ್’ ಎಂಬ ಲಘು ನಾಟಕವಾದರೋ ತಿಂಗಳುಗಟ್ಟಲೆ ನಡೆಯಿತು! ಗಂಡನ ತಪ್ಪೊಂದಕ್ಕಾಗಿ ಮದುವೆಯನ್ನೇ ಮುರಿಯಬೇಕೇ ಎಂಬುದು ಅದರ ಪ್ರಶ್ನೆ. ಯೊವಾನ್ನರ ಕಡೆಗೆ ತಿರುಗದ ಜನರು ಈ ಪ್ರಶ್ನೆಯನ್ನು ನಗುತ್ತ ನಗುತ್ತ ಆಲಿಸಿದರು.

1933ರಲ್ಲಿ ಅವರ ಹೆಣ್ಣುಕೂಸು ಶೈಶವದಲ್ಲಿಯೇ ತೀರಿಕೊಂಡಿತು. ಮುಂದಿನ ವರ್ಷ ಬಂದ ‘ದಿ ಜಾಯಸ್ ಸೀಸನ್’ ನಾಟಕದಲ್ಲಿ ಕನ್ಯಾಸ್ತ್ರೀಯೊಬ್ಬರು ಕ್ರಿಸ್ಮಸ್ ಸಮಯದಲ್ಲಿ ಬಾಸ್ಟನ್ನಿನ ತಮ್ಮ ಒಡಹುಟ್ಟಿದವರ ಮನೆಗೆ ಬರುತ್ತಾರೆ. ಇದಕ್ಕೆ ಹದಿನಾರು ಪ್ರದರ್ಶನಗಳ ಆಯುಸ್ಸು. 1938ರ ‘ಹಿಯರ್ ಕಮ್ ದಿ ಕ್ಲೌನ್ಸ್’ನಲ್ಲಿ ರಂಗಮಂದಿರದ ಕೆಲಸಗಾರನೊಬ್ಬ ದೇವರನ್ನು ಅರಸುತ್ತ ಹೊರಡುತ್ತಾನೆ. ಅದಕ್ಕೂ ದೊಡ್ಡ ಜಯ ಸಿಗಲಿಲ್ಲ. ಹೃದಯಕ್ಕೆ ಹತ್ತಿರವಾದುದನ್ನು ನೇರವಾಗಿ ಹೇಳಹೊರಟಾಗಲೆಲ್ಲ ಪ್ರೇಕ್ಷಕರು ದೂರ ಸರಿದರೆಂಬುದೇ ಈ ಲೇಖಕರ ನೋವು.

ಹೀಗಿರುವಾಗ, 1939ರ ಮಾರ್ಚ್ 28ರಂದು ನ್ಯೂಯಾರ್ಕಿನಲ್ಲಿ ‘ದಿ ಫಿಲಡೆಲ್ಫಿಯಾ ಸ್ಟೋರಿ’ ತೆರೆಕಂಡಿತು. ಚಿತ್ರರಂಗದಲ್ಲಿ ಸೋತು ಬಂದಿದ್ದ ಹೆಪ್‌ಬರ್ನರಿಗಾಗಿಯೇ ಬರೆದ ನಾಟಕವಿದು. ಗಂಡನನ್ನು ಬಿಟ್ಟ ಸಿರಿವಂತ ತರುಣಿ ಟ್ರೇಸಿ ಇನ್ನೊಬ್ಬನನ್ನು ಮದುವೆಯಾಗಲು ಸಿದ್ಧಳಾಗಿದ್ದಾಳೆ. ಇತರರ ದೌರ್ಬಲ್ಯವನ್ನು ಕ್ಷಮಿಸದ ಗರ್ವ ಆಕೆಯದು. ಮದುವೆಯ ಹಿಂದಿನ ರಾತ್ರಿ ಮದ್ಯದ ಅಮಲಿನಲ್ಲಿ ತಾನೇ ಎಡವುತ್ತಾಳೆ. ವರನಾಗಬೇಕಿದ್ದವನು ಸಂಶಯಪಡುತ್ತಾನೆ, ಹಳೆಯ ಗಂಡ ಡೆಕ್ಸ್ಟರ್ ಅರ್ಥಮಾಡಿಕೊಳ್ಳುತ್ತಾನೆ. ಕೊನೆಗೆ ಅದೇ ದಿನ ಅವಳ ಕೈಹಿಡಿಯುವವನು ಡೆಕ್ಸ್ಟರನೇ. ನ್ಯಾಯಾಲಯದ ತೀರ್ಪು ವಿವಾಹ ಸಂಸ್ಕಾರದ ಬಂಧವನ್ನು ಕಡಿಯಲಾರದೆಂದು ನಂಬುವ ನಮಗೆ ಇದು ಎರಡನೆಯ ಮದುವೆಯಾಗಿ ಕಾಣುವುದಿಲ್ಲ. ಹೆಂಡತಿ ಮನೆಗೆ ಮರಳಿದ ಕಥೆಯಾಗಿ ಕಾಣುತ್ತದೆ. ಬ್ಯಾರಿಯವರು ಹಾಗೆಂದೇ ಬರೆದರೆಂದು ನಾವು ಸಾಧಿಸಹೋಗುವುದಿಲ್ಲ. ಎಲ್ಲವೂ ನಮಗೆ ಒಪ್ಪಿಗೆಯೂ ಅಲ್ಲ. ತನ್ನ ದುರ್ನಡತೆಗೆ ಮಗಳ ಪ್ರೀತಿಯ ಕೊರತೆಯೇ ಕಾರಣವೆನ್ನುವ ತಂದೆಯ ವಾದವನ್ನು ಯಾವ ತಾಯಿ ತಾನೇ ಒಪ್ಪಿಯಾಳು?

ನಾಟಕ ನ್ಯೂಯಾರ್ಕಿನಲ್ಲಿ 417 ಪ್ರದರ್ಶನಗಳನ್ನು ಕಂಡಿತು. ಜಾರ್ಜ್ ಕ್ಯೂಕರ್ ನಿರ್ದೇಶಿಸಿದ ಚಿತ್ರ ಎರಡು ಆಸ್ಕರ್ ಗಳಿಸಿತು: ಒಂದು ಜೇಮ್ಸ್ ಸ್ಟುವರ್ಟರಿಗೆ, ಇನ್ನೊಂದು ಚಿತ್ರಕಥೆ ಬರೆದ, ಬ್ಯಾರಿಯವರ ಗೆಳೆಯ ಡೊನಾಲ್ಡ್ ಆಗ್ಡೆನ್ ಸ್ಟುವರ್ಟರಿಗೆ. 1956ರಲ್ಲಿ ಇದೇ ಕಥೆ ‘ಹೈ ಸೊಸೈಟಿ’ ಎಂಬ ಹಾಡುಗಳ ಚಿತ್ರವಾದಾಗ ಟ್ರೇಸಿಯಾದವರು ಫಿಲಡೆಲ್ಫಿಯಾದ ಐರಿಷ್ ಕಥೋಲಿಕ ಮನೆಯ ಮಗಳು ಗ್ರೇಸ್ ಕೆಲಿ. ಅದೇ ವರ್ಷ ಅವರು ಮೊನಾಕೊದ ರಾಜಕುಮಾರರನ್ನು ವಿವಾಹವಾಗಿ ನಟನೆಯಿಂದ ನಿವೃತ್ತರಾದರು.

ಬ್ಯಾರಿಯವರು ಅದನ್ನು ಕಾಣಲು ಉಳಿದಿರಲಿಲ್ಲ. 1949ರ ಡಿಸೆಂಬರ್ 3ರಂದು ಹೃದಯಾಘಾತದಿಂದ ಐವತ್ತಮೂರನೆಯ ವಯಸ್ಸಿನಲ್ಲಿ ನಿಧನರಾದರು. ಮೇಜಿನ ಮೇಲೆ ಅರ್ಧಕ್ಕೆ ನಿಂತಿದ್ದ ‘ಸೆಕೆಂಡ್ ಥ್ರೆಶೋಲ್ಡ್’ ನಾಟಕವನ್ನು ಗೆಳೆಯ ರಾಬರ್ಟ್ ಶೆರ್ವುಡ್ ತಿದ್ದಿ ಮುಗಿಸಿದರು. 1951ರಲ್ಲಿ ಅದು ಬ್ರಾಡ್‌ವೇ ರಂಗವನ್ನೇರಿತು.