ಲೆನ್ನಿ ಬ್ರೂಸ್: ಜೈಲು ಬೇಕಾಗಲಿಲ್ಲ, ಕೋರ್ಟೇ ಸಾಕಾಯ್ತು

ಹಾಸ್ಯಗಾರನ ಬಾಯಿ ಮುಚ್ಚಿಸೋಕೆ ಅವನನ್ನು ಜೈಲಿಗೆ ಹಾಕಲೇಬೇಕು ಅಂತೇನಿಲ್ಲ. ಕೇಸಿನ ಮೇಲೆ ಕೇಸು ಹಾಕಿ ಅಲೆಸಿದರೂ ಆಯ್ತು. ಅಮೆರಿಕದ ಸ್ಟ್ಯಾಂಡ್‌ಅಪ್ ಕಾಮಿಡಿಯನ್ ಲೆನ್ನಿ ಬ್ರೂಸ್‌ಗೆ ಆಗಿದ್ದು ಅದೇ.

ಹುಟ್ಟಿದ್ದು 1925ರಲ್ಲಿ, ನ್ಯೂಯಾರ್ಕ್ ಹತ್ತಿರದ ಮಿನಿಯೋಲಾದಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರು ಲಿಯೊನಾರ್ಡ್ ಆಲ್ಫ್ರೆಡ್ ಷ್ನೈಡರ್. ಯಹೂದಿ ಕುಟುಂಬ. ಅಪ್ಪ ಇಂಗ್ಲೆಂಡಿನಿಂದ ವಲಸೆ ಬಂದವರು, ಅಮ್ಮ ಸ್ಯಾಲಿ ಮಾರ್ ವೇದಿಕೆ ಕಲಾವಿದೆ. ಅವರಿಬ್ಬರೂ ಬೇಗ ಬೇರೆಯಾದ್ದರಿಂದ ಹುಡುಗ ನೆಂಟರ ಮನೆಗಳಲ್ಲಿ ಬೆಳೆದ. 1942ರಲ್ಲಿ, ಇನ್ನೂ ಹದಿಹರೆಯದಲ್ಲೇ, ನೌಕಾಪಡೆ ಸೇರಿ ಮಹಾಯುದ್ಧ ನೋಡಿ ಬಂದ. ಆಮೇಲೆ ಸ್ಟ್ರಿಪ್ ಕ್ಲಬ್‌ಗಳಲ್ಲಿ ನಿರೂಪಣೆ ಮಾಡುತ್ತಾ ಕಸುಬು ಕಲಿತ.

ಆಗ ಕಾಮಿಡಿ ಅಂದರೆ ಬಹುಪಾಲು ಬಾಯಿಪಾಠ ಮಾಡಿದ ಅತ್ತೆ, ಹೆಂಡತಿ ಜೋಕುಗಳು. ಬ್ರೂಸ್ ಜಾಝ್ ಸಂಗೀತಗಾರರ ಥರ ವೇದಿಕೆ ಮೇಲೇ ಮಾತು ಕಟ್ಟುತ್ತಿದ್ದ. ಧರ್ಮವನ್ನು ಕಂಪನಿ ಥರ ನಡೆಸುವ ಧರ್ಮಗುರುಗಳು, ಲೈಂಗಿಕತೆ ಬಗ್ಗೆ ಸಮಾಜದ ಬೂಟಾಟಿಕೆ, ಯಾರನ್ನೂ ಬಿಡಲಿಲ್ಲ. ಪಾರ್ಟಿಯಲ್ಲಿ ಕಪ್ಪು ವರ್ಣೀಯನ ಜೊತೆ ಸ್ನೇಹದಿಂದ ಮಾತಾಡಲು ಹೋಗಿ ತನ್ನದೇ ಪೂರ್ವಗ್ರಹ ಬಯಲು ಮಾಡಿಕೊಳ್ಳುವ ಬಿಳಿಯನ ಕುರಿತ ಪ್ರಹಸನವಂತೂ ನಗುತ್ತಿದ್ದ ಪ್ರೇಕ್ಷಕರಿಗೇ ಚುಚ್ಚುವಂಥದ್ದು. 1961ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಭಾರೀ ಹಿಮಪಾತ. ಆದರೂ ಕಾರ್ನೆಗಿ ಹಾಲ್‌ನ ಅವನ ಮಧ್ಯರಾತ್ರಿ ಶೋಗೆ ಜನ ಬಂದರು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾಝ್ ವರ್ಕ್‌ಶಾಪ್ ಕ್ಲಬ್ಬಿನಲ್ಲಿ ಅಶ್ಲೀಲ ಮಾತಾಡಿದ ಅಂತ ಪೊಲೀಸರು ಹಿಡಿದರು. ಜ್ಯೂರಿ ಖುಲಾಸೆ ಮಾಡಿತು. ಆದರೆ ಒಂದು ಊರಲ್ಲಿ ಗೆದ್ದರೆ ಇನ್ನೊಂದು ಊರಿನ ಪೊಲೀಸರು ಸುಮ್ಮನಿರಬೇಕಲ್ಲ! ಲಾಸ್ ಏಂಜಲೀಸ್‌ನಲ್ಲಿ ಬಂಧನ, 1962ರ ಡಿಸೆಂಬರ್‌ನಲ್ಲಿ ಶಿಕಾಗೋದಲ್ಲಿ ಬಂಧನ. ಶಿಕಾಗೋದಲ್ಲಿ ಅಂದು ಪ್ರೇಕ್ಷಕರ ನಡುವೆ ಕೂತಿದ್ದ ಜಾರ್ಜ್ ಕಾರ್ಲಿನ್ ಎಂಬ ಯುವ ಹಾಸ್ಯಗಾರ ಗುರುತಿನ ಚೀಟಿ ತೋರಿಸಲ್ಲ ಅಂದಿದ್ದಕ್ಕೆ ಅವನನ್ನೂ ಎತ್ತಿಕೊಂಡು ಹೋದರು. ಬ್ರೂಸ್‌ಗೆ ಒಂದು ವರ್ಷ ಶಿಕ್ಷೆಯಾಯ್ತು, 1964ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಷ್ಟರಲ್ಲಿ ಮದ್ಯದ ಲೈಸೆನ್ಸ್ ಹೋದೀತು ಅಂತ ಹೆದರಿದ ಕ್ಲಬ್ ಮಾಲೀಕರು ಅವನನ್ನು ಕರೆಯೋದನ್ನೇ ಬಿಡತೊಡಗಿದ್ದರು. 1963ರಲ್ಲಿ ಬ್ರಿಟನ್ ಕೂಡ ಒಳಗೆ ಬಿಡಲಿಲ್ಲ.

ಕೊನೆಯ ಪೆಟ್ಟು ಕೊಟ್ಟಿದ್ದು ನ್ಯೂಯಾರ್ಕ್. 1964ರ ಏಪ್ರಿಲ್‌ನಲ್ಲಿ ಗ್ರೀನ್‌ವಿಚ್ ವಿಲೇಜ್‌ನ ಕೆಫೆ ಔ ಗೋ ಗೋದಲ್ಲಿ ಬಂಧಿಸಿದರು. ಶೋ ನೋಡಿ ಟಿಪ್ಪಣಿ ಮಾಡಿಕೊಂಡಿದ್ದ ಲೈಸೆನ್ಸ್ ಇನ್‌ಸ್ಪೆಕ್ಟರ್ ಒಬ್ಬ ಅದನ್ನೇ ಕೋರ್ಟಿನಲ್ಲಿ ಒಪ್ಪಿಸಿದ. ಇವನು ಕೆಟ್ಟದಾಗಿ ಅಭಿನಯಿಸಿದ್ದಕ್ಕೆ ನನಗೆ ಶಿಕ್ಷೆಯಾಗುತ್ತೆ ಅನ್ನೋದು ಬ್ರೂಸ್ ಗೋಳು. ತನ್ನ ಶೋವನ್ನು ತಾನೇ ಮಾಡಿ ತೋರಿಸಲು ಕೇಳಿಕೊಂಡ, ಜಡ್ಜ್‌ಗಳು ಬಿಡಲಿಲ್ಲ. ಅಲೆನ್ ಗಿನ್ಸ್‌ಬರ್ಗ್, ಜೇಮ್ಸ್ ಬಾಲ್ಡ್‌ವಿನ್, ಬಾಬ್ ಡಿಲನ್ ಎಲ್ಲ ಅವನ ಪರ ಸಹಿ ಹಾಕಿದ್ದರು. ಆದರೂ ನವೆಂಬರ್‌ನಲ್ಲಿ ಮೂವರು ನ್ಯಾಯಾಧೀಶರಲ್ಲಿ ಇಬ್ಬರು ತಪ್ಪಿತಸ್ಥ ಅಂದರು, ನಾಲ್ಕು ತಿಂಗಳ ಶಿಕ್ಷೆ ವಿಧಿಸಿದರು.

ಮೇಲ್ಮನವಿಗೆಂದು ಜಾಮೀನಿನ ಮೇಲೆ ಹೊರಗಿದ್ದ ಬ್ರೂಸ್ ಆ ಶಿಕ್ಷೆ ಅನುಭವಿಸಲೇ ಇಲ್ಲ. ಅನುಭವಿಸಿದ್ದು ಉಳಿದದ್ದನ್ನ. ವಕೀಲರನ್ನು ಬಿಟ್ಟು ತಾನೇ ಕಾನೂನು ಪುಸ್ತಕ ಹಿಡಿದು ಕೂತ. ವೇದಿಕೆ ಮೇಲೆ ಜೋಕಿನ ಬದಲು ಕೋರ್ಟಿನ ದಾಖಲೆ ಓದತೊಡಗಿದ, ಜನ ನಗೋದು ನಿಲ್ಲಿಸಿದರು. 1965ರಲ್ಲಿ ದಿವಾಳಿ. ಮಾದಕ ವ್ಯಸನ ಮೊದಲಿಂದಲೂ ಇತ್ತು. ಅದನ್ನು ಪೊಲೀಸರ ತಲೆಗೆ ಕಟ್ಟಲಾಗದು. 1966ರ ಆಗಸ್ಟ್ 3ರಂದು ಹಾಲಿವುಡ್‌ನ ಮನೆಯಲ್ಲಿ ಮಾರ್ಫಿನ್ ಅತಿಯಾಗಿ ಸತ್ತಾಗ ಅವನಿಗೆ 40 ವರ್ಷ.

ಕ್ಲಬ್ ಮಾಲೀಕ ಮೇಲ್ಮನವಿಯಲ್ಲಿ ಗೆದ್ದ. ಸತ್ತವನ ಅಪರಾಧ ಮಾತ್ರ ದಾಖಲೆಯಲ್ಲೇ ಉಳಿಯಿತು. 2003ರ ಡಿಸೆಂಬರ್‌ನಲ್ಲಿ ಗವರ್ನರ್ ಜಾರ್ಜ್ ಪಟಾಕಿ ಕ್ಷಮಾದಾನ ಕೊಟ್ಟರು. ಸತ್ತವರಿಗೆ ನ್ಯೂಯಾರ್ಕ್ ರಾಜ್ಯ ಕೊಟ್ಟ ಮೊದಲ ಕ್ಷಮಾದಾನ ಅದು, 37 ವರ್ಷ ತಡವಾಗಿ.

ಮಾತಾಡಿದ್ದಕ್ಕೆ ಯಾರ ಮೇಲಾದರೂ ಕೇಸು ಬಿದ್ದಾಗ, ತಪ್ಪಿಲ್ಲ ಅಂದರೆ ಕೋರ್ಟು ಬಿಡುತ್ತಲ್ಲ ಅಂತ ನಾವು ಸಮಾಧಾನ ಮಾಡಿಕೊಳ್ತೀವಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಇಲಿನಾಯ್‌ನಲ್ಲೂ ಕೋರ್ಟು ಬ್ರೂಸ್‌ನನ್ನು ಬಿಟ್ಟಿತ್ತು. ಎಷ್ಟು ವಾಯಿದೆ, ಎಷ್ಟು ಊರು, ಎಷ್ಟು ಶೋ ರದ್ದು ಅನ್ನೋ ಲೆಕ್ಕವನ್ನೂ ನಾವು ಕೇಳಬೇಕು.