ಬೆಂಕಿಯಿಂದ ಮರಳಿ ಬೆಂಕಿಗೆ: ರಿಚರ್ಡ್ ಹಿಲರಿ

ಹಿಲರಿ ಎಂದೊಡನೆ ನಮ್ಮಲ್ಲಿ ಬಹುಮಂದಿಯ ನೆನಪು 1953ರಲ್ಲಿ ಎವರೆಸ್ಟ್ ಶಿಖರವನ್ನೇರಿದ ಧೀರನ ಕಡೆಗೆ ಹರಿಯುವುದು ಸಹಜ. ಅದೇ ಹೆಸರಿನ ಇನ್ನೊಬ್ಬನಿದ್ದನು. ಆತನು ಏರಿದ್ದು ಆಕಾಶಕ್ಕೆ, ಬಿದ್ದದ್ದು ಉರಿಯುತ್ತ ಸಮುದ್ರಕ್ಕೆ. ಬದುಕಿದ್ದು ಇಪ್ಪತ್ತಮೂರು ವರ್ಷ, ಹೆಸರಾದದ್ದು ಒಂದೇ ಪುಸ್ತಕದಿಂದ. ಎರಡನೆಯ ಮಹಾಯುದ್ಧದ ವೈಮಾನಿಕರು ಬರೆದ ಆತ್ಮಕಥನಗಳು ಕಪಾಟು ತುಂಬುವಷ್ಟಿವೆ. ಅವುಗಳಲ್ಲಿ ಒಂದನ್ನು ಮಾತ್ರ ಓದಬಲ್ಲ ವಿದ್ಯಾರ್ಥಿಗೆ ಯಾವುದನ್ನು ಕೊಡೋಣವೆಂದು ಕೇಳಿದರೆ, ರಿಚರ್ಡ್ ಹಿಲರಿಯ ‘ದಿ ಲಾಸ್ಟ್ ಎನಿಮಿ’ಯನ್ನು ಕೊಡಬೇಕೆಂದು ನನ್ನ ಮತ. ಆದರೆ ಪುಸ್ತಕವನ್ನು ಕೊಡುವಾಗ, ಅದು ಹೊರಬಂದ ಮೇಲಿನ ಕೆಲವು ತಿಂಗಳುಗಳ ಕಥೆಯನ್ನೂ ಜೊತೆಗೆ ಹೇಳಬೇಕು.

ಹಿಲರಿ ಹುಟ್ಟಿದ್ದು 1919ರ ಏಪ್ರಿಲ್ 20ರಂದು, ಆಸ್ಟ್ರೇಲಿಯದ ಸಿಡ್ನಿಯಲ್ಲಿ. ಎಳವೆಯಲ್ಲಿಯೇ ಇಂಗ್ಲೆಂಡಿಗೆ ಬಂದು, ಶ್ರೂಸ್‌ಬರಿಯ ಶಾಲೆಯಲ್ಲಿ ಓದಿ, 1937ರಲ್ಲಿ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜನ್ನು ಸೇರಿದನು. ಸುಂದರ, ಚತುರ, ಮಾತಿನಲ್ಲಿ ಹರಿತ. ಅಹಂಕಾರಿಯೆಂದು ಹೇಳಿದವರೂ ಉಂಟು. ಆ ಮಾತನ್ನು ಆತನೇ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾನೆ. ಓದಿಗಿಂತ ದೋಣಿಯ ಹುಟ್ಟಿನ ಮೇಲೆ ಆತನಿಗೆ ಹೆಚ್ಚು ಪ್ರೀತಿ. 1938ರಲ್ಲಿ ಗೆಳೆಯರ ತಂಡದೊಡನೆ ಜರ್ಮನಿಗೆ ಹೋಗಿ, ಬಾಡ್ ಎಮ್ಸ್ ಎಂಬಲ್ಲಿ ಗೋರಿಂಗನ ಹೆಸರಿನ ಪಾರಿತೋಷಕವನ್ನು ಗೆದ್ದು ತಂದನು. ಎರಡು ವರ್ಷಗಳ ಬಳಿಕ ಅದೇ ಗೋರಿಂಗನ ವಿಮಾನಗಳನ್ನು ಇದಿರಿಸಬೇಕಾಗುವುದೆಂದು ಆ ತರುಣರು ಎಣಿಸಿರಲಾರರು.

ಯುದ್ಧ ಬಂದಾಗ ಹಿಲರಿಗೆ ದೇಶಭಕ್ತಿಯ ಆವೇಶವೇನೂ ಇರಲಿಲ್ಲ. ಒಬ್ಬನ ಇದಿರು ಒಬ್ಬನು ನಿಂತು ಕಾದುವ ಹಳೆಯ ದ್ವಂದ್ವಯುದ್ಧದ ರೀತಿ ಕಾದಾಟದ ವಿಮಾನದಲ್ಲಿ ಮಾತ್ರ ಉಳಿದಿದೆಯೆಂಬುದೇ ಆತನನ್ನು ಸೆಳೆಯಿತು. 603ನೆಯ ದಳವನ್ನು ಸೇರಿ ಸ್ಪಿಟ್‌ಫೈರ್ ವಿಮಾನವನ್ನು ನಡೆಸಿದನು. 1940ರ ಆಗಸ್ಟ್ ಕೊನೆಯಲ್ಲಿ ಆ ದಳವು ಲಂಡನ್ನಿನ ಪೂರ್ವಕ್ಕಿರುವ ಹಾರ್ನ್‌ಚರ್ಚ್ ನೆಲೆಗೆ ಬಂದಿತು. ಮುಂದಿನ ಒಂದು ವಾರದಲ್ಲಿ ಆತನು ಉರುಳಿಸಿದನೆನ್ನಲಾದ ಶತ್ರುವಿಮಾನಗಳು ಐದು.

ಸೆಪ್ಟೆಂಬರ್ 3ರಂದು ಆತನ ಸರದಿ ಬಂದಿತು. ಹಿಂದಿನಿಂದ ಬಂದ ಗುಂಡುಗಳು ತಗುಲಿ ವಿಮಾನವು ಹೊತ್ತಿಕೊಂಡಿತು. ತಲೆಯ ಮೇಲಿನ ಗಾಜಿನ ಮುಚ್ಚಳ ಸಿಕ್ಕಿಕೊಂಡು ತೆರೆಯಲಿಲ್ಲ. ಅದನ್ನು ಎಳೆಯುತ್ತಿರುವಾಗಲೇ ಕೈ ಮುಖಗಳು ಬೆಂದವು, ಎಚ್ಚರ ತಪ್ಪಿತು. ಹೇಗೋ ವಿಮಾನದಿಂದ ಹೊರಬಿದ್ದವನು ಪ್ಯಾರಾಷೂಟಿನೊಡನೆ ಸಮುದ್ರಕ್ಕಿಳಿದನು. ಕಣ್ಣು ಕಾಣಿಸದು, ನೆರವಿನ ಸುಳಿವಿಲ್ಲ. ಸಾಯುವುದೇ ಮೇಲೆಂದು ತೇಲಂಗಿಯ ಗಾಳಿಯನ್ನು ಬಿಟ್ಟನು. ಆದರೆ ಮೈಗೆ ಸುತ್ತಿಕೊಂಡಿದ್ದ ಪ್ಯಾರಾಷೂಟು ಆತನನ್ನು ಮುಳುಗಗೊಡಲಿಲ್ಲ. ಕಡೆಗೆ ಮಾರ್ಗೇಟಿನ ರಕ್ಷಣಾ ದೋಣಿಯವರು ಎತ್ತಿಕೊಂಡರು.

ಬೆಂದ ಕೈಗಳಿಗೆ ಅಂದಿನ ವಾಡಿಕೆಯಂತೆ ಟ್ಯಾನಿಕ್ ಆಮ್ಲವನ್ನು ಬಳಿದರು. ಅದು ಗಟ್ಟಿಯಾಗಿ ಬಿಗಿದುಕೊಂಡಂತೆ ಬೆರಳುಗಳು ಒಳಕ್ಕೆ ಮಡಚಿಕೊಂಡವು. ಈಸ್ಟ್ ಗ್ರಿನ್‌ಸ್ಟೆಡ್ಡಿನ ಆಸ್ಪತ್ರೆಯಲ್ಲಿ ಆತನ ಭಾರವನ್ನು ವಹಿಸಿಕೊಂಡವನು ನ್ಯೂಜಿಲೆಂಡಿನಲ್ಲಿ ಹುಟ್ಟಿದ ಶಸ್ತ್ರವೈದ್ಯ ಆರ್ಚಿಬಾಲ್ಡ್ ಮ್ಯಾಕಿಂಡೊ. ನೆಲಕ್ಕೆ ಬಿದ್ದವರಿಗಿಂತ ಸಮುದ್ರಕ್ಕೆ ಬಿದ್ದವರ ಸುಟ್ಟಗಾಯಗಳು ಚೆನ್ನಾಗಿ ಮಾಯುವುದನ್ನು ಕಂಡು, ಆಮ್ಲವನ್ನು ಬಿಡಿಸಿ, ಉಪ್ಪುನೀರಿನ ಸ್ನಾನವನ್ನು ರೂಢಿಗೆ ತಂದವನು ಆತನೇ. ಅವನ ಕೈಯಲ್ಲಿ ಹಿಲರಿಗೆ ಹೊಸ ರೆಪ್ಪೆಗಳೂ ಹೊಸ ಮೇಲ್ತುಟಿಯೂ ಬಂದವು. ಅಲ್ಲಿಯ ರೋಗಿಗಳು 1941ರಲ್ಲಿ ತಮ್ಮನ್ನು ತಾವೇ ಹಾಸ್ಯಮಾಡಿಕೊಂಡು ‘ಗಿನಿಪಿಗ್ ಕ್ಲಬ್’ ಎಂಬ ಕೂಟವನ್ನು ಕಟ್ಟಿದರು. ಯುದ್ಧ ಮುಗಿಯುವ ವೇಳೆಗೆ ಅದರ ಸದಸ್ಯರು 600ಕ್ಕೂ ಹೆಚ್ಚು.

ಹಾಸಿಗೆಯಲ್ಲಿದ್ದಾಗಲೇ ಗೆಳೆಯರ ಸಾವಿನ ಸುದ್ದಿಗಳು ಬರತೊಡಗಿದವು. ಎಲ್ಲರಿಗಿಂತ ಹೆಚ್ಚಾಗಿ ಆತನು ಗೌರವಿಸುತ್ತಿದ್ದ ಪೀಟರ್ ಪೀಸ್ ಸೆಪ್ಟೆಂಬರ್ 15ರಂದು ಮಡಿದನು. ದೈವಭಕ್ತನಾದ ಪೀಸನಿಗೂ, ತನ್ನ ಹೊರತು ಬೇರೇನನ್ನೂ ನಂಬದ ಹಿಲರಿಗೂ ನಡೆದ ವಾದವೇ ಮುಂದೆ ಬರೆದ ಪುಸ್ತಕದ ಬೆನ್ನೆಲುಬು. ಕಾಲಿನ್ ಪಿಂಕ್ನಿ ಎಂಬ ಇನ್ನೊಬ್ಬ ಗೆಳೆಯನು 1942ರ ಜನವರಿಯಲ್ಲಿ ಬ್ರಹ್ಮದೇಶದ ಯುದ್ಧದಲ್ಲಿ ಬಿದ್ದನು.

1941ರಲ್ಲಿ ಹಿಲರಿಯನ್ನು ಪ್ರಚಾರಕ್ಕಾಗಿ ಅಮೆರಿಕಕ್ಕೆ ಕಳುಹಿದರು. ಆದರೆ ಆ ಮುಖವನ್ನು ಕಂಡ ಅಮೆರಿಕದ ತಾಯಂದಿರು ಯುದ್ಧಕ್ಕೆ ಹೆದರಿಯಾರೆಂದು ಅಧಿಕಾರಿಗಳೇ ಅಳುಕಿದರು. ಸಭೆಗಳಲ್ಲಿ ಮುಖವನ್ನು ತೋರಲು ಸಲ್ಲದವನು ಲೇಖನಿಯನ್ನು ಹಿಡಿದನು. ಪುಸ್ತಕವು 1942ರಲ್ಲಿ ಮೊದಲು ಅಮೆರಿಕದಲ್ಲಿ ಬೇರೊಂದು ಹೆಸರಿನಿಂದಲೂ, ಬಳಿಕ ಇಂಗ್ಲೆಂಡಿನಲ್ಲಿ ‘ದಿ ಲಾಸ್ಟ್ ಎನಿಮಿ’ ಎಂದೂ ಪ್ರಕಟವಾಯಿತು. ಸಾವೇ ಮನುಷ್ಯನ ಕೊನೆಯ ಶತ್ರುವೆಂಬ ಬೈಬಲಿನ ಭಾವದಿಂದ ಆ ಹೆಸರು ಬಂದದ್ದು.

ಪುಸ್ತಕದ ಕೊನೆಯಲ್ಲಿ ಒಂದು ಪ್ರಸಂಗವಿದೆ. ಬಾಂಬಿನಿಂದ ಕುಸಿದ ಮನೆಯಡಿಯಿಂದ ಹೊರತೆಗೆದ ಹೆಂಗಸೊಬ್ಬಳು, ಸಾಯುವ ಮುನ್ನ ಆತನ ಮುಖವನ್ನು ನೋಡಿ ಮರುಗುತ್ತಾಳೆ. ಆ ಮರುಕವೇ ಆತನ ಅಹಂಕಾರವನ್ನು ಒಡೆಯುತ್ತದೆ. ಇದು ನಡೆದದ್ದೋ, ಕಟ್ಟಿದ್ದೋ ಎಂದು ಜೀವನಚರಿತ್ರಕಾರರು ಸಂದೇಹಪಟ್ಟಿದ್ದಾರೆ. ಆತ್ಮಕಥನದಲ್ಲಿ ಕಲ್ಪನೆ ಬೆರೆತರೆ ಅದರ ಸತ್ಯಕ್ಕೆ ಊನವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಿಲರಿಯ ಮಟ್ಟಿಗೆ ಆ ಪ್ರಶ್ನೆಯನ್ನು ಬದುಕು ಬೇರೊಂದು ರೀತಿಯಲ್ಲಿ ಕೇಳಿತು. ಸತ್ತವರ ಋಣವನ್ನು ತೀರಿಸುವೆನೆಂದು ಬರೆದವನು ಮೇಜಿನ ಹಿಂದೆ ಕುಳಿತಿರಬಹುದೇ? ಪುಸ್ತಕ ಪ್ರಸಿದ್ಧವಾದಷ್ಟೂ ಆ ಬರಹವು ಆತನನ್ನು ಹಿಂಬಾಲಿಸಿತು.

ಚಾಕು ಮುಳ್ಳುಚಮಚಗಳನ್ನು ಹಿಡಿಯುವುದೇ ಕಷ್ಟವಾಗಿದ್ದ ಕೈಗಳಿಂದ ಮತ್ತೆ ವಿಮಾನ ನಡೆಸುವೆನೆಂದು ಆತನು ಹಟ ಹಿಡಿದನು. ಅನುಮತಿ ದೊರೆಯಿತು. 1942ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಚಾರ್ಟರ್‌ಹಾಲ್ ನೆಲೆಯಲ್ಲಿ ರಾತ್ರಿಕಾಳಗದ ತರಬೇತಿಗೆ ಸೇರಿದನು. ಈಗ ಆತನ ವಾಹನ ಹಗುರವಾದ ಸ್ಪಿಟ್‌ಫೈರ್ ಅಲ್ಲ, ಎರಡು ಎಂಜಿನ್ನುಗಳ ಬ್ಲೆನ್‌ಹೈಮ್. 1943ರ ಜನವರಿ 8ರ ಇರುಳು, ಸಂಕೇತದೀಪವೊಂದರ ಸುತ್ತ ತಿರುಗುತ್ತಿದ್ದ ಆ ವಿಮಾನವು ನೆಲಕ್ಕಪ್ಪಳಿಸಿತು. ಹಿಲರಿಯೊಡನೆ ವಿಲ್ಫ್ರೆಡ್ ಫಿಸನ್ ಎಂಬ ಸಾರ್ಜೆಂಟನೂ ಸತ್ತನು. ಅದೇ ವರ್ಷ ಆರ್ಥರ್ ಕೋಸ್ಲರನು ಬರೆದ ಪ್ರಬಂಧವು, ಹಿಲರಿಯು ಮನುಷ್ಯನಾಗಿ ಅಳಿದು ಪುರಾಣವಾಗಿ ಹುಟ್ಟುತ್ತಿರುವ ಬಗೆಯನ್ನು ಶೋಧಿಸಿತು.

ಬಾಂಬರಿನವರ ಬಾಳನ್ನು ತಿಳಿಯಬೇಕೆನ್ನುವವರು, ಹಿಲರಿಯಂತೆಯೇ ಯುದ್ಧದಲ್ಲಿ ಮಡಿದ ಗೈ ಗಿಬ್ಸನನ ‘ಎನಿಮಿ ಕೋಸ್ಟ್ ಅಹೆಡ್’ ಅನ್ನು ಓದಬೇಕು. 1946ರಲ್ಲಿ ಅದು ಪುಸ್ತಕರೂಪದಲ್ಲಿ ಬಂದಾಗ ಬರೆದವನು ಇರಲಿಲ್ಲ. ಇಂತಹ ಪುಸ್ತಕಗಳನ್ನು ಶೌರ್ಯಕ್ಕಾಗಿ ಓದುವವರೇ ಹೆಚ್ಚು, ಅದು ತಪ್ಪಲ್ಲ. ಆದರೆ ‘ದಿ ಲಾಸ್ಟ್ ಎನಿಮಿ’ಯನ್ನು ಮುಚ್ಚುವಾಗ ಫಿಸನನ ಹೆಸರನ್ನೂ ಒಮ್ಮೆ ನೆನೆಯುವುದು ಧರ್ಮ. ಹಿಲರಿಯು ತನ್ನ ಮಾತಿಗೆ ತನ್ನ ಪ್ರಾಣವನ್ನು ತೆತ್ತನು. ಆ ಮಾತನ್ನು ಆಡದಿದ್ದ ಇನ್ನೊಬ್ಬನೂ ಅದರೊಡನೆ ಹೋದನು.